ಕಾಲ್ಮಣೆಯ ಅಳತೆ

ಮೊನ್ನೆ ಮೊಮ್ಮಗಳಿಗೆ ಅವಳಪ್ಪ ರೋಣದ ಅಂಗಡಿಯಿಂದ ಫುಟ್‌ಬಾಲ್ ಬೂಟು ತಂದ. ಶಾಲೆಗಳ ತಂಡ ಆರಿಸುವುದು ನರಗುಂದದಲ್ಲಂತೆ, ಹೋಗಬೇಕಂತೆ. ಡಬ್ಬಿಯ ಮುಚ್ಚಳ ತೆಗೆದಳು ನೋಡಿ, ಚರ್ಮದ್ದೋ ಚರ್ಮದಂಥದ್ದೋ, ಹೊಸ ವಾಸನೆ ಪಡಸಾಲೆಯ ತುಂಬ ಹರಡಿತು. ಮನೆಮಂದಿಯೆಲ್ಲ ಬಣ್ಣ ನೋಡಿ ಹೊಗಳಿದರು. ನನ್ನ ಕಣ್ಣಿಗೆ ಮಾತ್ರ ಬೇರೆಯೇ ಕಂಡಿತು. ಗಜೇಂದ್ರಗಡದ ನಮ್ಮ ಓಣಿ, ಎದುರುಮನೆಯ ಕಾಕಾ, ಅವರ ಮಗ್ಗದ ಮನೆಯ ಮಬ್ಬು ಬೆಳಕು… ಎಲ್ಲ ಆ ವಾಸನೆಯ ಹಿಂದೆಯೇ ಬಂದವು.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಬಿಟ್ಟದ್ದಕ್ಕೆ ನಾಚಿಕೆಯಿಲ್ಲ. ನಾನು ನೇಯ್ದ ಪಟ್ಟೇದ ಅಂಚಿನ ಸೀರೆಯನ್ನು ತಿರುವಿ ಹಾಕಿ ತಪ್ಪು ಹುಡುಕಿದವರು ಸೋತು ಮಡಚಿಟ್ಟಿದ್ದಾರೆ. ಆ ಕೆಲಸ ಕಲಿಸಿದವರು ಕಾಕಾ. ರಕ್ತಸಂಬಂಧವಲ್ಲ, ಎದುರುಬದುರು ಬಾಗಿಲು, ಅಷ್ಟೇ. ಹರೆಯದಲ್ಲಿ ಅವರು ಮುಂಬಯಿಯ ಗಿರಣಿಯಲ್ಲಿ ದುಡಿದು, ಗಿರಣಿಯ ತಂಡದಲ್ಲಿ ಬರಿಗಾಲಲ್ಲೇ ಚೆಂಡು ಒದ್ದು, ತಂದೆ ತೀರಿದ ಮೇಲೆ ಊರಿಗೆ ಬಂದು ಮಗ್ಗ ಹಿಡಿದಿದ್ದರು. ಚೆಂಡಿನ ಹುಚ್ಚನ್ನು ಮಾತ್ರ ಅಲ್ಲಿ ಬಿಟ್ಟು ಬಂದಿರಲಿಲ್ಲ. ಮಕ್ಕಳಿಲ್ಲದ ಕಾರಣ ತಮಗಿಂತ ಬಹಳ ಚಿಕ್ಕವನಾದ ತಮ್ಮನನ್ನೇ ಮಗನಂತೆ ಸಾಕಿದ್ದರು. ಅವನೂ ನಾನೂ ಓರಿಗೆಯವರು. ಹರಿದ ನೂಲು ಸುತ್ತಿ ಚೆಂಡು ಮಾಡಿ, ಗುಡ್ಡದ ಕೆಳಗಿನ ಬಯಲಲ್ಲಿ ಇಬ್ಬರಿಗೂ ಆಟ ಕಲಿಸಿದರು. ನನಗೆ ಬರಲಿಲ್ಲ. ಅವನಿಗೆ ಬಂತು.

ಮೀಸೆ ಮೂಡುವ ಮೊದಲೇ, ವಯಸ್ಸು ಹೆಚ್ಚು ಹೇಳಿ, ಅವನು ಸೈನ್ಯಕ್ಕೆ ಸೇರಿಬಿಟ್ಟ. ಅವನ ಮಗ್ಗಕ್ಕೆ ನಾನು ಕೂತೆ. ನಮ್ಮದು ಕುಣಿಮಗ್ಗ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ಅವೇ ಕಾಲ್ಮಣೆ. ತುಳಿದು ತುಳಿದು ಅವುಗಳ ಮೇಲೆ ಹಿಮ್ಮಡಿಯಿಂದ ಹೆಬ್ಬೆರಳವರೆಗೂ ತುಳಿದವನ ಪಾದದ ತಗ್ಗು ಬೀಳುತ್ತದೆ. ಒಬ್ಬರ ಕಾಲ್ಮಣೆಯನ್ನು ಇನ್ನೊಬ್ಬರು ತುಳಿಯುವ ವಾಡಿಕೆ ನಮ್ಮ ಓಣಿಯಲ್ಲಿ ಇರಲಿಲ್ಲ; ಕಾಲು ತಡವರಿಸುತ್ತದೆ, ನೇಯ್ಗೆ ಕೆಡುತ್ತದೆ ಎಂದು ನಂಬಿಕೆ. ಹಾಗಾಗಿ ನಾನು ಕೂತ ದಿನ ಕಾಕಾ ತಮ್ಮನ ಕಾಲ್ಮಣೆ ಬಿಚ್ಚಿ, ಒರೆಸಿ, ಗೋಡೆಯ ಗೂಟಕ್ಕೆ ತೂಗುಹಾಕಿದರು. ನನಗೆ ಹೊಸದು ಕಟ್ಟಿದರು. “ರಜಾಕ್ಕ ಬಂದಾಗ ಕಟ್ಟಿಕೊಡೂಣು. ಒಂದ ದಿನರೆ ಕುಂದ್ರಲಿ” ಎಂದರು. ತಮ್ಮನ ರಜೆಯೆಲ್ಲ ಸೈನ್ಯದ ಪಂದ್ಯಗಳಿಗೇ ಹೋಗುತ್ತಿತ್ತು. ವರ್ಷಗಳು ಉರುಳಿದರೂ ಅವನು ಬರಲಿಲ್ಲ.

ಆ ವರ್ಷ ನಾವಿನ್ನೂ ಮುಂಬಯಿ ರಾಜ್ಯದಲ್ಲೇ ಇದ್ದೆವು. ಜಗತ್ತಿನ ದೇಶಗಳೆಲ್ಲ ಸೇರುವ ದೊಡ್ಡ ಕ್ರೀಡಾಕೂಟಕ್ಕೆ ನಮ್ಮ ದೇಶದ ಫುಟ್‌ಬಾಲ್ ತಂಡ ಆಸ್ಟ್ರೇಲಿಯಾಕ್ಕೆ ಹೋಗುವುದಿತ್ತು. ಆಯ್ಕೆಯ ಶಿಬಿರಕ್ಕೆ ಕರೆದವರಲ್ಲಿ ಕಾಕಾನ ತಮ್ಮನೂ ಇದ್ದಾನೆಂದು ಸುದ್ದಿ ಬಂತು. ಓಣಿಗೆ ಹಬ್ಬವಾಯಿತು.

ಮಧ್ಯಾಹ್ನ ಮಗ್ಗ ನಿಂತಾಗ ಕಾಕಾ ಕುಣಿಯ ಅಂಚಿನ ಮೇಲೆ ನೂಲಿನ ಕಂಡಿಕೆಗಳನ್ನು ಸಾಲಾಗಿ ಇಡುತ್ತಿದ್ದರು. ಲಾಳಿಯೊಳಗೆ ಹಾಕುವ ಈ ಸಣ್ಣ ಸುರುಳಿಗಳನ್ನು ಅವರ ಹೆಂಡತಿ ಕಾಕು ರಾಟಿಯಲ್ಲಿ ಸುತ್ತಿಕೊಡುತ್ತಿದ್ದಳು. ಒಂದೊಂದು ಕಂಡಿಕೆ ಒಬ್ಬೊಬ್ಬ ಆಟಗಾರ: ಗೋಲು ಕಾಯುವವನು ಒಬ್ಬ, ಅವನ ಮುಂದೆ ಇಬ್ಬರು, ನಡುವೆ ಮೂವರು, ಮುನ್ನುಗ್ಗುವವರು ಐವರು.

“ಸೆರಗಿಗೆ ಅಂತ ನಾ ಸುತ್ತಿಟ್ರ ಇವರು ದೇಶದ ಟೀಮು ಕಟ್ಟಾಕತ್ತಾರ!” ಎಂದು ಕಾಕು ರಾಟಿ ನಿಲ್ಲಿಸಿ ನನ್ನತ್ತ ನೋಡುತ್ತಿದ್ದಳು. “ಲಾಳ್ಯಾಗ ನೂಲು ತೀರೇತಿ. ಆ ಗೋಲು ಕಾಯಾವನ್ನ ಎತ್ತಿ ಹಾಕಲೇನು?”

“ತಡಿ ಮಾರಾಯ್ತಿ, ಎಡಗಡಿ ಹಾಫು ಇನ್ನೂ ಕುಂತಿಲ್ಲ.”

ಚಿಂತೆಯೆಲ್ಲ ನಡುಸಾಲಿನ ಆ ಎಡಗಡೆಯ ಜಾಗದ್ದೇ. ಮುಂದಿನ ಐವರ ಬಗ್ಗೆ ಕಾಕಾಗೆ ಅನುಮಾನವಿರಲಿಲ್ಲ. ಹಿಂದಿನವರೂ ಗಟ್ಟಿ. ಈ ಒಂದು ಜಾಗಕ್ಕೆ ಮಾತ್ರ ಮೂವರಿದ್ದರು. ಮುಂಬಯಿಯ ಹಳೆಯ ಗೆಳೆಯರು ಹೇಳಿದ್ದು, ಚಹಾದಂಗಡಿಯ ಪತ್ರಿಕೆಯಲ್ಲಿ ಓದಿದ್ದು, ತಾವೇ ಊಹಿಸಿದ್ದು ಎಲ್ಲ ಕೂಡಿಸಿ ಅವರು ಮೂವರನ್ನೂ ತೂಗುತ್ತಿದ್ದರು.

“ಈ ಕೆಂಪಂದು ಕಲಕತ್ತಾದವ. ಸಣ್ಣಂದಿನಿಂದ ಬೂಟು ಹಾಕಿ ಆಡಿದಾವ. ಎತ್ತರ ಅದಾನ, ತಲಿಲೆ ಚಲೋ ಹೊಡೀತಾನ. ಆದ್ರ ತಿರಗೂದು ತಡಾ. ಹಸರಂದು ಹೈದರಾಬಾದಿನವ. ಇಡೀ ಬಯಲು ಒಂದ ಸಲಕ್ಕ ಕಾಣತೈತಿ ಅವಂಗ. ಮೊಣಕಾಲು ಮಾತ್ರ ನಂಬಂಗಿಲ್ಲ.”

“ನಮ್ಮಾವ?” ಎಂದೆ.

“ನಮ್ಮಾವ ಅನಬ್ಯಾಡ. ಬಿಳೇದು ಅನ್ನು.” ಬಣ್ಣ ಕಾಣದ ಆ ಕಂಡಿಕೆಯನ್ನು ಬೆರಳಲ್ಲಿ ಹೊರಳಿಸಿದರು. “ಬಿಳೇದು ದಣಿಯಾಂಗಿಲ್ಲ. ಮಗ್ಗ ತುಳದಾವಂಗ ಎರಡೂ ಕಾಲು ಒಂದ. ಆದ್ರ ಹೊರದೇಶದಾಗ ಆಡಿಲ್ಲ… ಆರಿಸಾಂವ ನಾನಾಗಿದ್ರ?” ಕೆಂಪು ಇಟ್ಟರು. ತೆಗೆದು ಬಿಳಿ ಇಟ್ಟರು. ಆಮೇಲೆ ಎರಡನ್ನೂ ಎತ್ತಿ ಹಸಿರು ಇಟ್ಟು, ಅದನ್ನೂ ಎತ್ತಿ, ಜಾಗ ಖಾಲಿ ಬಿಟ್ಟು ಎದ್ದುಹೋದರು.

ಹೀಗಿರುವಾಗ ನರೇಗಲ್ಲಿನ ಸಿಪಾಯಿಯೊಬ್ಬ ಮನೆಗೆ ಬಂದ. ತಮ್ಮನ ಪಲ್ಟಣಿನವನೇ. ರಜೆ ಮುಗಿಸಿ ಮರುದಿನದ ಗಾಡಿಗೆ ಹೊಳೆಆಲೂರಿನಿಂದ ಹೊರಡುವವನಿದ್ದ. ದಾರಿಯಲ್ಲಿ ಶಿಬಿರದ ಊರಿನಲ್ಲೇ ಇಳಿಯುತ್ತೇನೆ, ಹೇಳುವುದಿದ್ದರೆ ಹೇಳಿ ಎಂದ.

“ಭಾಳ ಚಲೋ ಆಡಾಕತ್ತಾನ್ರಿ ನಿಮ್ಮ ತಮ್ಮ. ಆದ್ರ ಬೂಟು ಸವದು ಬಾಯಿ ಬಿಟ್ಟಾವು. ಇನ್ನೊಬ್ರದು ಇಸಕೊಂಡು ಆಡತಾನ. ಕಡೀ ಪಂದ್ಯಾ ಮುಂದಿನ ವಾರ. ಅದನ್ನ ನೋಡೇ ಆರಸ್ತಾರಂತ.”

ಹಿಂದಿನ ಸಲ ಚಳಿದೇಶವೊಂದರಲ್ಲಿ ನಮ್ಮವರು ಬರಿಗಾಲಲ್ಲಿ ಆಡಿ, ಜಾರಿ ಬಿದ್ದು, ಹೀನಾಯವಾಗಿ ಸೋತದ್ದು ಓಣಿಗೆಲ್ಲ ಗೊತ್ತಿತ್ತು. ಈ ಸಲ ಬೂಟಿಲ್ಲದವನಿಗೆ ಜಾಗವಿಲ್ಲವೆಂಬುದೂ ಗೊತ್ತಿತ್ತು. ಕಾಕಾ ಗೂಟದಿಂದ ತಮ್ಮನ ಕಾಲ್ಮಣೆ ಇಳಿಸಿ ಬಗಲಿಗೆ ಇಟ್ಟುಕೊಂಡರು. ನಾನು ಹಿಂದೆ ನಡೆದೆ.

ಚಪ್ಪಲಿ ಹೊಲಿಯುವವನು ಹಲಗೆ ನೋಡಿ ನಕ್ಕ. “ಬೂಟಿಗೆ ಕಾಲು ತರ್ತಾರ್ರಿ ಮಂದಿ. ನೀವು ಕಟಿಗಿ ತಂದೀರಿ.”

“ಕಾಲು ಶಿಬಿರದಾಗೈತಿ. ಅದರ ಅಚ್ಚು ಇಲ್ಲೈತಿ. ನೋಡು, ಐದೂ ಬಟ್ಟು ಎಣಿಸಬಹುದು.”

ಅವನು ತಗ್ಗಿನ ಮೇಲೆ ಹಸ್ತ ಹರಡಿ ಅಳೆದ. “ಇದು ಹುಡುಗರ ಕಾಲಿನಂಗ ಕಾಣತೈತಿ ಕಾಕಾ. ಒಂದೀಟು ಬಿಟ್ಟು ಕತ್ತರಿಸಲೇನು?”

“ನನ್ನ ತಮ್ಮನ ಕಾಲು ನನಗ ಹೇಳಿಕೊಡ್ತಿ ಏನು? ಬೂಟು ಸಡ್ಲಾದ್ರ ಚೆಂಡು ಮಾತು ಕೇಳೂದಿಲ್ಲ. ಇದ್ದಷ್ಟ ಕತ್ತರಿಸು. ಲಗೂ ಮಾಡು.”

ಬೆಳಗಾಗುವಷ್ಟರಲ್ಲಿ ಬೂಟು ಸಿದ್ಧವಾದವು. ಕಾಲು ಜಾರದಂತೆ ಬೂಟಿನ ಅಡಿಗೆ ಚರ್ಮದ ಗುಬ್ಬಿ ಬಡಿದಿದ್ದ. ಎಣ್ಣೆ ಕುಡಿಸಿದ ಹೊಸ ಚರ್ಮದ ಆ ವಾಸನೆ… ಬಸ್ಸಿನಲ್ಲಿ ರೋಣ ದಾಟಿ ಹೊಳೆಆಲೂರು ಸೇರುವವರೆಗೂ ಕಾಕಾ ಗಂಟನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಮಲಪ್ರಭೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಗಾಡಿ ಬರುತ್ತದೋ ಇಲ್ಲವೋ ಎಂದು ನಿಲ್ದಾಣದ ತುಂಬ ಗುಜುಗುಜು. ಕೊನೆಗೂ ಬಂತು. ಸಿಪಾಯಿ ಗಂಟು ಇಸಿದುಕೊಂಡ. ಗಾಡಿ ಹೊರಟ ಮೇಲೂ ಕಾಕಾ ಅದರ ಪಕ್ಕ ನಡೆಯುತ್ತ “ಪಂದ್ಯಾದ ಮೊದಲ ಮುಟ್ಟಿಸಪಾ, ಮೊದಲ!” ಎಂದು ಕೂಗುತ್ತಲೇ ಇದ್ದರು.

ಮುಂದಿನ ದಿನಗಳಲ್ಲಿ ಕುಣಿಯ ಅಂಚಿನ ಮೇಲೆ ಬಿಳಿ ಕಂಡಿಕೆ ಎಡಗಡೆಯ ಜಾಗ ಬಿಟ್ಟು ಕದಲಲಿಲ್ಲ. ಕಾಕು ಅದನ್ನು ಕೇಳಲೂ ಇಲ್ಲ, ನಗೆಯಾಡುವುದನ್ನೂ ನಿಲ್ಲಿಸಿದ್ದಳು. ಓಣಿಯಲ್ಲಿ ಸೈಕಲ್ ಗಂಟೆ ಕೇಳಿದರೆ ಟಪಾಲಿನವನೇನೋ ಎಂದು ಮೂವರ ಕೈಯೂ ನಿಲ್ಲುತ್ತಿತ್ತು. ಕಾಕಾನ ನೇಯ್ಗೆಯಲ್ಲಿ ನಾನು ಕಂಡ ಮೊದಲ ತಪ್ಪು ಎಳೆ ಆ ವಾರದ್ದು. ನೋಡಿದೆ, ಹೇಳಲಿಲ್ಲ.

ತಂಡದ ಹೆಸರುಗಳು ಪತ್ರಿಕೆಯಲ್ಲಿ ಬಂದವು. ಕಾಕಾ ಚಹಾದಂಗಡಿಯಲ್ಲಿ ನಿಂತೇ ಓದಿದರು. ಮತ್ತೆ ಮೇಲಿನಿಂದ ಓದಿದರು. ಮನೆಗೆ ಬಂದು ಬಿಳಿ ಕಂಡಿಕೆ ಎತ್ತಿ, ಅಲ್ಲಿ ಕೆಂಪು ಇಟ್ಟು, “ಕಲಕತ್ತಾದವನೂ ಚಲೋ ಆಡತಾನ” ಎಂದಷ್ಟೇ ಅಂದರು. ಬಿಳಿಯದನ್ನು ಲಾಳಿಗೆ ಹಾಕಿ ನೇಯತೊಡಗಿದರು.

ದೀಪಾವಳಿ ಕಳೆದ ಮೇಲೆ ರಜೆಗೆ ತಮ್ಮ ಬಂದ. ಗುರುತು ಸಿಗದಷ್ಟು ಬೆಳೆದಿದ್ದ, ಬಾಗಿಲಲ್ಲಿ ಬಗ್ಗಿ ಬರಬೇಕಾಯಿತು. ಕಾಕು ಕಾಲಿಗೆ ನೀರು ಕೊಟ್ಟಾಗ ನೋಡಿದೆ, ಎರಡೂ ಹೆಬ್ಬೆರಳಿನ ಉಗುರು ಕರ್ರಗೆ ಸತ್ತು ಹೋಗಿದ್ದವು.

“ಬೂಟು ಮುಟ್ಟಿದ್ದುವೇನೋ?” ಕಾಕಾ ಕೇಳಿದರು.

“ಮುಟ್ಟಿದ್ದುವಣ್ಣಾ. ಅದ ಬೂಟು ಹಾಕ್ಕೊಂಡು ಆಡಿದೆ.”

“ಬಿಗಿ ಆದುವೇನು?”

“ಇಲ್ಲಣ್ಣಾ, ಸರಿ ಇದ್ದುವು. ಆ ದಿನ ನನ್ನ ಆಟ ನಡೀಲಿಲ್ಲ, ಅಷ್ಟ.”

ಮರುದಿನ, ಮಾತು ಕೊಟ್ಟಂತೆ, ಕಾಕಾ ನನ್ನ ಕಾಲ್ಮಣೆ ಬಿಚ್ಚಿ ತಮ್ಮನದನ್ನು ಕಟ್ಟಿದರು. ಅವನು ನಗುತ್ತ ಕುಣಿಗೆ ಇಳಿದು ಕೂತು ಲಾಳಿ ಹಿಡಿದ. ಕಾಕಾ ಹಗ್ಗದ ಗಂಟು ಬಿಗಿಯಲು ಬಗ್ಗಿದ್ದರು. ಅವನು ಪಾದ ಊರಿದ. ಹಿಮ್ಮಡಿ ಹಳೆಯ ತಗ್ಗಿನಲ್ಲಿ ಕೂತಿತು. ಬೆರಳುಗಳು ತಗ್ಗು ಮೀರಿ, ಸವೆಯದ ಕಟ್ಟಿಗೆಯ ಮೇಲೆ ಹೋಗಿ ನಿಂತವು.

ಕಾಕಾ ಬಗ್ಗಿದವರು ಹಾಗೆಯೇ ಇದ್ದರು. ತಮ್ಮನೂ ನೋಡಿದ. ಬೆರಳು ಮಡಚಿ ಹಿಂದಕ್ಕೆ ಎಳೆದುಕೊಂಡ, ಮುಚ್ಚುವವನ ಹಾಗೆ. ರಾಟಿಯ ಸದ್ದು ನಿಂತಿತ್ತು.

ನಮ್ಮ ತಂಡ ಆ ಸಲ ಯಾರೂ ನೆನೆಸದಷ್ಟು ಚೆನ್ನಾಗಿ ಆಡಿತು. ಚಹಾದಂಗಡಿಯ ರೇಡಿಯೋದ ಮುಂದೆ ಊರೆಲ್ಲ ಕುಣಿಯಿತು. ಕಾಕಾ ಹಿಂದೆ ನಿಂತು ಕೇಳಿ, “ಎಡಗಡಿ ಗಟ್ಟಿ ಇತ್ತು” ಎಂದು ಒಪ್ಪಿಕೊಂಡರು. ತಮ್ಮನು ಪಲ್ಟಣಿಗೆ ಮರಳಿ ಹೋದ ಮೇಲೆ ಒಂದು ಸಂಜೆ ಅವರು ಅಂಗಳದಲ್ಲಿ ಕೂತು ಉಳಿಯಿಂದ ಆ ಕಾಲ್ಮಣೆಯ ತಗ್ಗುಗಳನ್ನು ಮುಂದಕ್ಕೆ ಕೆತ್ತುತ್ತಿದ್ದರು. ಬೆರಳಿನ ಜಾಗ ಒಂದೊಂದನ್ನೂ ಸವರಿ, ನುಣ್ಣಗೆ ಮಾಡಿ, ಮತ್ತೆ ಗೂಟಕ್ಕೆ ತೂಗುಹಾಕಿದರು. ತಮ್ಮ ಆಮೇಲೆ ಎಷ್ಟೋ ಸಲ ಬಂದ. ಮಗ್ಗಕ್ಕೆ ಮಾತ್ರ ಕೂರಲಿಲ್ಲ. ಕಾಕಾ ಕೂರೆನ್ನಲೂ ಇಲ್ಲ.

ಈಗ ಕಾಕಾ ಇಲ್ಲ, ಕಾಕು ಇಲ್ಲ, ಆ ತಮ್ಮನೂ ಹೋದ. ಎದುರುಮನೆ ಕೈಬದಲಾಗಿ ಕುಣಿಗೆ ಮಣ್ಣು ತುಂಬಿ ಫರಸಿಕಲ್ಲು ಹಾಸಿದ್ದಾರೆ. ಆ ಕಾಲ್ಮಣೆ ಯಾರ ಒಲೆಗೆ ಹೋದವೋ… ಆಗಲೇ ಕೇಳಿ ತಂದಿಟ್ಟುಕೊಳ್ಳಬೇಕಿತ್ತು.

ಮೊಮ್ಮಗಳು ಬೂಟು ಹಾಕಿ, ದಾರ ಬಿಗಿದು, ನನ್ನ ಮುಂದೆ ಬಂದು ನಿಂತಳು. ತಂದೆ ಪ್ರೀತಿಯಿಂದ ತಂದದ್ದು.

“ಎಲ್ಲೆರ ಒತ್ತತಾವೇನವ್ವಾ?”

“ಇಲ್ಲ ಮುತ್ಯಾ, ಸರಿ ಅದಾವು.”

ನಾನು ಗೋಡೆ ಹಿಡಿದು ನೆಲಕ್ಕೆ ಕೂತೆ. ಅವಳ ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಬೂಟಿನ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿದೆ. ಒಳಗೆ ಅವಳ ಬೆರಳು ಮೆಲ್ಲಗೆ ಮಡಚಿಕೊಂಡಿತು.

“ಬಿಚ್ಚು” ಎಂದೆ.