ತೋಡಿನ ಬದಿಯ ಒಂದೆಲಗ

ತೆಕ್ಕಟ್ಟೆಯ ಹೆದ್ದಾರಿ ಬದಿಯ ಬ್ಯಾಟರಿ ರಿಪೇರಿ ಅಂಗಡಿಯ ಯಜಮಾನರು ಹಳೆಯ ಬ್ಯಾಟರಿಯ ಸೀಸದ ಕೆಸರನ್ನು ಹಿತ್ತಿಲಲ್ಲಿ ಹರಿಯುವ ತೋಡಿಗೆ ಚೆಲ್ಲಿ, ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತಿದ್ದರು. ತೋಡಿನ ಅಂಚಿನಲ್ಲಿ ಒಂದೆಲಗ ಸೊಂಪಾಗಿ ಹಬ್ಬಿತ್ತು. “ಹ್ವಾಯ್ ಮಾಸ್ಟ್ರೇ, ಸೀಸ ವಿಷ ಆರೆ ಇದ್ ಇಷ್ಟ್ ಹಸ್ರ್ ಇಪ್ಪುದಾ?” ಎಂದು ಕಂಡಾಗಲೆಲ್ಲ ನಗುತ್ತಿದ್ದರು.

ಕೆಲವು ಗಿಡಗಳು ಸೀಸವನ್ನು ಹೀರಿ, ತಮಗೆ ತಾಗದಂತೆ ಒಳಗೇ ಕಟ್ಟಿಟ್ಟು ಹಸಿರಾಗಿರುತ್ತವೆ. ತಿಂದ ಮಕ್ಕಳ ಮಿದುಳು ಮಾತ್ರ ಕೆಡುತ್ತದೆ. ಕಾಲೇಜಿನಲ್ಲಿ ಪ್ರತಿ ವರ್ಷ ಇದನ್ನೇ ಪಾಠ ಮಾಡುತ್ತಿದ್ದ ನಾನು, ಅವರೆದುರು ಬರೀ ನಕ್ಕು ಬಸ್ಸು ಹತ್ತುತ್ತಿದ್ದೆ.

ಒಂದು ದಿನ ಮಗಳ ಅಂಕಪಟ್ಟಿ ಹಿಡಿದು ಬಂದರು. “ಓದಿದ್ದ್ ತಲೆಲ್ ನಿಲ್ತಿಲ್ಲೆ ಮಾಸ್ಟ್ರೇ. ನೆನಪಿಗೆ ಒಳ್ಳೇದಂದ್ ದಿನಾ ಒಂದೆಲಗದ ತಂಬ್ಳಿ ಮಾಡಿ ಹಾಕ್ತೆ.”

“ಎಲ್ಲಿದ್ ಒಂದೆಲಗ?” ಎಂದೆ.

“ನಮ್ ತೋಡಿಂದೇ. ತಕಣಿ, ನಿಮ್ ಮಕ್ಳಿಗೂ ಒಂದ್ ಕಟ್ಟ್.”