ಕೆಂಪು ಕಾರಿನ ಕೆಮ್ಮು, ಪುಷ್ಪಮ್ಮನ ಸಿಟ್ಟು

ಬೆಳಗಿನ ಆರೂಕಾಲು. ಶಿವಮೊಗ್ಗದ ವಿನೋಬನಗರದ ಒಂದು ಮನೆಯ ಶೆಡ್ಡಿನಲ್ಲಿ ಎರಡು ಸೀಟಿನ ಕೆಂಪು ಕಾರೊಂದು ಕೆಮ್ಮುತ್ತಿದೆ. ಒಂದಷ್ಟು ಹೊತ್ತು ನೆಟ್ಟಗೆ ಓಡಿದ ಇಂಜಿನ್ನು ಇದ್ದಕ್ಕಿದ್ದಂತೆ ಮುಗ್ಗರಿಸುತ್ತದೆ, ಇಡೀ ಕಾರು ಗಡಗಡ ನಡುಗುತ್ತದೆ. ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಿರುವ ಐವತ್ನಾಲ್ಕರ ಪುಷ್ಪಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು, ಮೇಲೊಂದು ಹಳೆಯ ಖಾಕಿ ಅಂಗಿ ತೊಟ್ಟಿದ್ದಾರೆ. ಭದ್ರಾವತಿಯಿಂದ ಮೊದಲ ಬಸ್ಸಿಗೆ ಬಂದವರಿಗೆ ಇನ್ನೂ ಕಾಫಿಯಾಗಿಲ್ಲ. ಮುಖದ ಮೇಲಿನ ಸಿಟ್ಟನ್ನು ಮುಚ್ಚಿಡುವ ಗೋಜಿಗೂ ಅವರು ಹೋಗಿಲ್ಲ.

"ಎಲ್ಲಾ ಬಿಚ್ಚಿ ಹರವಿ ಕೂತ್ಮೇಲೆ ಇವ್ರಿಗೆ ಎಲೆಕ್ಟ್ರಿಷಿಯನ್ ನೆನಪಾಗೋದು. ಈ ಸಲ ಅದೂ ಇಲ್ಲ. ನಾನೇ ಕರೀದೆ ಬಂದಿದೀನಿ," ಎನ್ನುತ್ತಾರೆ.

ಕರೆಯದೆ ಬಂದದ್ದಕ್ಕೆ ಕಾರಣವಿದೆ. ಇದು ಕಿಟ್ ಕಾರು. ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿ ಬರುತ್ತದೆ, ಕೊಂಡವರೇ ಜೋಡಿಸಿಕೊಳ್ಳಬೇಕು. ಕಬ್ಬಿಣದ ಸಾಮಾನಿನ ವರ್ತಕ ರೇಣುಕಾಪ್ರಸಾದ್ ಅವರ ಹತ್ತು ವರ್ಷದ ಹುಚ್ಚು ಇದು. ಅಪಘಾತವಾದ ಕಾರೊಂದರ ಇಂಜಿನ್ ತಂದು ಕೂರಿಸಿದ್ದು ಮೆಕ್ಯಾನಿಕ್ ಮಲ್ಲಿಕ್. ಹೆಡ್‌ಲೈಟಿನಿಂದ ಹಾರನ್ನಿನವರೆಗೆ ಒಂದೊಂದು ತಂತಿಯನ್ನೂ ಅಳೆದು, ಕತ್ತರಿಸಿ, ಬೆಸುಗೆ ಹಾಕಿ ಇಪ್ಪತ್ತೊಂದು ದಿನ ವೈರಿಂಗ್ ಮಾಡಿದ್ದು ಪುಷ್ಪಮ್ಮ. ಬಣ್ಣ ಬಳಿಯುವ ಮುಂಚೆ ಬರೀ ಚಾಸಿಯ, ಅಂದರೆ ಕಬ್ಬಿಣದ ಚೌಕಟ್ಟಿನ, ಮೇಲೆ ಓಡಿಸಿ ನೋಡಿದಾಗ ಇಂಜಿನ್ ಹದವಾಗಿತ್ತು. ಬಣ್ಣಕ್ಕೆಂದು ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಿದ ಮೇಲೆ ಈ ಕೆಮ್ಮು ಶುರುವಾಗಿದೆ.

ಮಲ್ಲಿಕ್ ಪ್ಲಗ್ ಬದಲಿಸಿದರು. ಸಾಗರ ರಸ್ತೆಯ ಗ್ಯಾರೇಜಿನವರೊಬ್ಬರು ಬಂದು ಇಂಜೆಕ್ಟರ್ ತೊಳೆದರು. ಇನ್ನೊಂದು ಗ್ಯಾರೇಜಿನವರು ಇಂಜಿನ್ನಿಗೆ ಪೆಟ್ರೋಲ್ ಎತ್ತುವ ಪಂಪನ್ನೇ ಹೊಸದು ಹಾಕಿದರು. ಕೆಮ್ಮು ಜಗ್ಗಲಿಲ್ಲ. ಕೈಲಿದ್ದ ಉಪಾಯಗಳೆಲ್ಲ ಮುಗಿದ ಮೇಲೆ ಗ್ಯಾರೇಜಿನ ಆ ಇಬ್ಬರೂ ಒಂದೇ ಮಾತು ಹೇಳಿದರು: "ಹೆಂಗಸಿನ ವೈರಿಂಗು ಸಾರ್, ಕಿತ್ತು ಬಿಸಾಕಿ." ಇವತ್ತು ಹತ್ತು ಗಂಟೆಗೆ ಬೆಂಗಳೂರಿನಿಂದ ಒಬ್ಬರು ಬಂದು ಎಲ್ಲವನ್ನೂ ಕತ್ತರಿಸಿ ಹೊಸದಾಗಿ ಎಳೆಯಲಿದ್ದಾರೆ. ನಿನ್ನೆ ಸಂಜೆ ಸುದ್ದಿ ಮುಟ್ಟಿಸಿದ್ದು ಮಲ್ಲಿಕ್. ಈಗ ಶೆಡ್ಡಿನ ಬಾಗಿಲು ತೆಗೆದು ಸ್ಟೀರಿಂಗಿನ ಮುಂದೆ ಕೂತಿರುವುದೂ ಅವರೇ.

"ಕೆಟ್ಟಿದ್ರೆ ಕೀಳ್ಲಿ, ಬೇಡ ಅನ್ನಲ್ಲ. ನೋಡ್ದೇನೇ ಕಿತ್ರೆ ನಾಳೆ ನನ್ನ ಕೈಗೆ ಗಾಡಿ ಕೊಡೋರು ಯಾರು?" ಎಂದು ಪುಷ್ಪಮ್ಮ ಕೇಳುತ್ತಾರೆ. ಅವರ ಅರ್ಧ ಕೆಲಸ ಬರುವುದು ಶಿವಮೊಗ್ಗದ ಗ್ಯಾರೇಜುಗಳಿಂದಲೇ.

ಭದ್ರಾವತಿಯ ನ್ಯೂ ಟೌನಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿಗೆ ತಾಮ್ರದ ತಂತಿ ಸುತ್ತಲು ಸೇರಿದಾಗ ಅವರಿಗೆ ಇಪ್ಪತ್ತೆರಡು. ಕಾರ್ಖಾನೆಗಳ ಮೋಟಾರುಗಳು ಬರುವುದು ಕಡಿಮೆಯಾದಾಗ ಅಂಗಡಿ ಮುಚ್ಚಿತು. ಆಮೇಲೆ ಹಳೇನಗರದಲ್ಲಿ ಸ್ವಂತ ಶೆಡ್ಡು ಹಾಕಿ ಗಾಡಿಗಳ ಕರೆಂಟ್ ಕೆಲಸಕ್ಕೆ ಇಳಿದರು. ದಿನಕ್ಕೆ ಎರಡು ಸ್ಟಾರ್ಟರ್ ಮೋಟಾರು, ಮೂರ್ನಾಲ್ಕು ಡೈನಮೋ, ಜೊತೆಗೆ ದೀಪ ಹತ್ತದ ಆಟೋಗಳು. ಕೂತೆದ್ದು ಮಂಡಿ ಸವೆದಿದೆ, ಬೆರಳ ತುದಿಯಲ್ಲಿ ಬೆಸುಗೆಯ ಸುಟ್ಟ ಕಲೆಗಳಿವೆ. ಇಷ್ಟು ವರ್ಷವಾದರೂ ಶೆಡ್ಡಿಗೆ ಬಂದವರು ಅವರ ಹೆಗಲಾಚೆ ಇಣುಕಿ, "ಗಂಡಸ್ರು ಯಾರೂ ಇಲ್ವೇನಮ್ಮ?" ಎಂದು ಕೇಳುವುದು ನಿಂತಿಲ್ಲ.

"ಇದಾರೆ, ಒಳಗೆ ಅನ್ನಕ್ಕಿಟ್ಟಿದಾರೆ, ಕರೀಲಾ ಅಂತೀನಿ," ಎಂದು ಪುಷ್ಪಮ್ಮ ನಗುತ್ತಾರೆ. ಗಂಡ ಪುಟ್ಟಯ್ಯನವರಿಗೆ ನಿಜಕ್ಕೂ ಅಡುಗೆ ಚೆನ್ನಾಗಿ ಬರುತ್ತದೆ.

ವಿನೋಬನಗರದ ಶೆಡ್ಡಿನಲ್ಲಿ ಈಗ ರೇಡಿಯೇಟರಿನ ಫ್ಯಾನು ತಿರುಗಿದೆ. ತಿರುಗಿದ್ದೇ ತಡ, ಇಂಜಿನ್ ಇನ್ನಷ್ಟು ಮುಗ್ಗರಿಸುತ್ತದೆ. ಪುಷ್ಪಮ್ಮ ತಲೆ ಎತ್ತುತ್ತಾರೆ. "ಮಲ್ಲಿಕ್, ಹೆಡ್‌ಲೈಟ್ ಹಾಕು ಮಾರಾಯ." ಲೈಟು ಹತ್ತಿದೊಡನೆ ಇಂಜಿನ್ ಆರಿಹೋಗುವಷ್ಟು ಒದ್ದಾಡುತ್ತದೆ. ಅವರು ವೋಲ್ಟ್ ಅಳೆಯುವ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಇಂಜಿನ್ನಿನ ಕಬ್ಬಿಣಕ್ಕೆ ಒತ್ತುತ್ತಾರೆ. ಸೊನ್ನೆಯ ಹತ್ತಿರ ಇರಬೇಕಾದ ಅಂಕಿ ಒಂದೂವರೆ ವೋಲ್ಟ್ ದಾಟಿದೆ. ಬ್ಯಾಟರಿಯಿಂದ ಹೊರಟ ಕರೆಂಟು ಇಂಜಿನ್ ಮತ್ತು ಚಾಸಿಯ ಮೂಲಕ ವಾಪಸ್ ಬರಬೇಕು. ಬರುವ ದಾರಿಯಲ್ಲಿ ಏನೋ ಅಡ್ಡ ಕೂತಿದೆ.

ಚೀಲದಿಂದ ದಪ್ಪ ಕೇಬಲೊಂದನ್ನು ತೆಗೆದು ಬ್ಯಾಟರಿಗೂ ಇಂಜಿನ್ನಿಗೂ ನೇರ ಸೇರಿಸುತ್ತಾರೆ. ಕೆಮ್ಮು ನಿಲ್ಲುತ್ತದೆ. ಫ್ಯಾನೂ ತಿರುಗುತ್ತಿದೆ, ಲೈಟೂ ಉರಿಯುತ್ತಿದೆ, ಇಂಜಿನ್ ತಣ್ಣಗೆ ಓಡುತ್ತಿದೆ. ಮಲ್ಲಿಕ್ ಎರಡೂ ಕೈ ತಲೆಯ ಮೇಲಿಟ್ಟುಕೊಳ್ಳುತ್ತಾರೆ.

ಸದ್ದು ಬದಲಾದದ್ದು ಕೇಳಿ ರೇಣುಕಾಪ್ರಸಾದ್ ಮನೆಯೊಳಗಿಂದ ಲುಂಗಿಯಲ್ಲೇ ಓಡಿ ಬರುತ್ತಾರೆ.

"ಸಾರ್, ಬ್ಯಾಟರಿ ಮೈನಸ್ ತಂತೀನ ಚಾಸಿಗೆ ಸೇರ್ಸೋ ಅರ್ತ್ ಬೋಲ್ಟ್ ಕೂರೋ ಜಾಗಕ್ಕೆ ನಾನು ಟೇಪ್ ಅಂಟ್ಸಿದ್ದೆ. ಇಲ್ಲಿ ಬಣ್ಣ ಹೊಡೀಬೇಡಿ ಅಂತ ಬರ್ದೂ ಇದ್ದೆ. ಕಿತ್ತಿದ್ ಯಾರು?"

ರೇಣುಕಾಪ್ರಸಾದ್ ಕಾರಿನ ಬಣ್ಣದ ಮೇಲೆ ಕೈಯಾಡಿಸುತ್ತಾರೆ. "ನಾನೇ. ಅಷ್ಟು ಚಂದದ ಬಣ್ಣದ ಮಧ್ಯೆ ಅದೊಂದು ಜಾಗ ಬೋಳಾಗಿ ಕಾಣ್ತಿತ್ತು ಪುಷ್ಪಮ್ಮ. ಮೂರು ಕೋಟ್ ಹೊಡ್ಸಿದೆ."

ಪುಷ್ಪಮ್ಮ ಹಣೆ ಚಚ್ಚಿಕೊಳ್ಳುತ್ತಾರೆ. ಬಣ್ಣ ಕರೆಂಟನ್ನು ಹಾಯಗೊಡುವುದಿಲ್ಲ; ಬೋಲ್ಟಿನ ಥ್ರೆಡ್ಡಿನಲ್ಲಿ ಹೇಗೋ ನುಸುಳುತ್ತಿದ್ದ ಕರೆಂಟಿನಲ್ಲೇ ಗಾಡಿ ಇಷ್ಟು ದಿನ ಒದ್ದಾಡಿದೆ. ಮೂರು ಜನ, ಹೊಸ ಪ್ಲಗ್ಗು, ಹೊಸ ಪಂಪು, ಹದಿನೇಳು ದಿನ, ಎಲ್ಲ ಒಂದು ರೂಪಾಯಿ ಅಗಲದ ಬಣ್ಣಕ್ಕಾಗಿ! ಅವರು ಉಪ್ಪುಕಾಗದ ಕೈಗೆತ್ತಿಕೊಂಡರೆ ರೇಣುಕಾಪ್ರಸಾದ್ ಅಡ್ಡ ಬರುತ್ತಾರೆ.

"ಕೆರೀಲೇಬೇಕಾ? ಈ ಕೇಬಲ್ನೇ ಹಿಂಗೇ ಬಿಟ್ಬಿಡಿ."

"ಗಾಡಿ ಓಡ್ಸಕ್ಕೋ, ಇಲ್ಲ ಕನ್ನಡಿ ಥರ ನೋಡ್ಕೊಳಕ್ಕೋ? ಅದನ್ನ ಹೇಳ್ಬಿಡಿ, ನಾನು ಮನೆಗೆ ಹೋಗ್ತೀನಿ."

ರೇಣುಕಾಪ್ರಸಾದ್ ಆ ಕಡೆ ಮುಖ ತಿರುಗಿಸಿ ನಿಲ್ಲುತ್ತಾರೆ. ಹತ್ತು ನಿಮಿಷದಲ್ಲಿ ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತದೆ, ಬೋಲ್ಟು ಬಿಗಿಯಾಗುತ್ತದೆ, ತುಕ್ಕು ಹಿಡಿಯದಂತೆ ಮೇಲೆ ಗ್ರೀಸು ಬೀಳುತ್ತದೆ. ಕೇಬಲ್ ತೆಗೆದ ಮೇಲೂ ಇಂಜಿನ್ ಹದ ತಪ್ಪುವುದಿಲ್ಲ. ರೇಣುಕಾಪ್ರಸಾದ್ ಮೊದಲು ಬೆಂಗಳೂರಿನವರಿಗೆ ಫೋನ್ ಮಾಡಿ ಬರಬೇಡಿ ಎನ್ನುತ್ತಾರೆ, ಆಮೇಲೆ ಏನು ಕೊಡಲಿ ಎಂದು ಕೇಳುತ್ತಾರೆ. ಪುಷ್ಪಮ್ಮ ಕೈ ಒರೆಸಿಕೊಳ್ಳುತ್ತಾರೆ.

"ಅದು ಆಮೇಲೆ. ನನ್ನ ವೈರಿಂಗ್ ಕೀಳಿ ಅಂದ್ರಲ್ಲ ಆ ಇಬ್ರು, ಮೊದ್ಲು ಅವ್ರಿಗೆ ಫೋನ್ ಹಚ್ಚಿ. ಸ್ಪೀಕರ್ ಹಾಕಿ."

ರೇಣುಕಾಪ್ರಸಾದ್ ಮೊದಲು ಸಾಗರ ರಸ್ತೆಯ ಗ್ಯಾರೇಜಿನವರಿಗೆ ಫೋನು ಹಚ್ಚುತ್ತಾರೆ. "ಗಾಡಿ ಸರಿಹೋಯ್ತು ಕಣಯ್ಯ. ವೈರಿಂಗಲ್ಲಿ ಏನೂ ಇರ್ಲಿಲ್ಲ, ತಪ್ಪು ನಂದೇ."

"ಹೌದಾ? ಯಾರು ಸಾರ್ ಕಂಡುಹಿಡಿದಿದ್ದು?" ಎನ್ನುತ್ತದೆ ಆ ಕಡೆಯ ದನಿ.

"ಅದೇ... ಭದ್ರಾವತಿ ಹೆಂಗಸು..."

ಪುಷ್ಪಮ್ಮ ಫೋನಿನ ಹತ್ತಿರಕ್ಕೆ ಒಂದು ಹೆಜ್ಜೆ ಬರುತ್ತಾರೆ.

"ಹೆಸ್ರು ಹೇಳಿ ಸಾರ್."