ಸೆರಗು ಮುಗಿಯಲಿ ಎಂದು ತಡೆದ ತಿದ್ದುಪಡಿ

ಕೋವಿಡ್ ಕಳೆದ ಎರಡನೆಯ ವರ್ಷ. ಆಗ ನಾನು ಇಳಕಲ್ಲಿನಲ್ಲಿ ಕೈಮಗ್ಗ ನಡೆಸುತ್ತಿದ್ದೆ. ಈಗಲೂ ಅದೇ ಕೆಲಸ. ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು. ತಂಗಿ ಗೌರಿ ಬಾಗಲಕೋಟೆಯಲ್ಲಿ ಡಿಪ್ಲೊಮಾ ಮುಗಿಸಿ ಬಂದು, ಮನೆಯಲ್ಲೇ ಕುಳಿತು ಒಂದು ಸಾಫ್ಟ್‌ವೇರ್ ಬರೆದಿದ್ದಳು. ಸೀರೆಯ ಅಂಚಿನ, ಅಂದರೆ ದಡಿಯ, ಚಿತ್ರ ಕೊಟ್ಟರೆ, ಮಗ್ಗಕ್ಕೆ ಹಾಕುವ ರಟ್ಟಿನ ಕಾರ್ಡಿನಲ್ಲಿ ಎಲ್ಲೆಲ್ಲಿ ತೂತು ಹೊಡೆಯಬೇಕೆಂದು ಅದು ತೋರಿಸುತ್ತದೆ. ಅದು ಓಪನ್ ಸೋರ್ಸ್. ಅಂದರೆ ಯಾರು ಬೇಕಾದರೂ ಬಳಸಬಹುದು, ಒಳಗಿನ ಬರಹ ನೋಡಿ ತಿದ್ದಬಹುದು. ಹೊಸ ಆವೃತ್ತಿ ಹೊರಗೆ ಬಿಡುವುದಕ್ಕೆ ರಿಲೀಸ್ ಎನ್ನುತ್ತಾರೆ. ಗೌರಿ ಬರೆದದ್ದನ್ನು ನಾನು ನೇಯ್ದು ನೋಡಿ, ಹೂಂ ಎಂದ ಮೇಲೆಯೇ ರಿಲೀಸ್. ನಮ್ಮಿಬ್ಬರ ಕರಾರು ಅದು.

ಶ್ರಾವಣದಲ್ಲಿ ಒಂದು ತಪ್ಪು ಸಿಕ್ಕಿತು. ದಡಿ ಅಗಲವಾದರೆ ಬಲಗಡೆಯ ಕೊನೆಯ ಎಳೆಗಳು ಕಾರ್ಡಿನಲ್ಲಿ ಬಿಟ್ಟುಹೋಗುತ್ತಿದ್ದವು. ಗೌರಿ ನಾಲ್ಕೇ ದಿನದಲ್ಲಿ ಸರಿಪಡಿಸಿದಳು. ಗೇಣುದ್ದ ನೇಯ್ದು ನೋಡಿದೆ. ಚೊಕ್ಕವಾಗಿತ್ತು. ಅದೇ ಆವೃತ್ತಿಯಲ್ಲಿ ಸೆರಗಿನ ಹೂವುಗಳನ್ನೂ ಹೊಸದಾಗಿ ಸೇರಿಸುವವರಿದ್ದೆವು.

“ಅಣ್ಣಾ, ಬಿಡ್ಲೇನು?”

“ಸೆರಗಿನ ಭಾಗ ಇನ್ನೂ ಅರ್ಧ ಆಗೇತಿ. ಸೆರಗಿಲ್ಲದ ಸೀರಿ ಮಗ್ಗದಿಂದ ಇಳಸ್ತಾರೇನ?”

“ಇದು ಸೀರಿ ಅಲ್ಲೋ ಮಾರಾಯಾ. ಮಂದಿ ಹಳೇದ್ರಾಗ ನೇಯಾಕತ್ತಾರ.”

“ಹದಿನೈದು ದಿನ ತಡಿ.”

ದಸರಾ ಹೋಯಿತು, ದೀಪಾವಳಿ ಹೋಯಿತು. ಸೆರಗಿನ ಹೂವುಗಳನ್ನು ಬರೆದವನು ನಾನು, ದಿನಕ್ಕೊಂದು ತಿದ್ದುತ್ತಿದ್ದೆ. ಗೌರಿ ನಾಲ್ಕು ಸಲ ಕೇಳಿದಳು. ಆಮೇಲೆ ಕೇಳುವುದನ್ನೇ ಬಿಟ್ಟಳು.

ಕಾರ್ತಿಕದಲ್ಲಿ ಹುನಗುಂದದಿಂದ ಶಾಂತವ್ವ ಎಂಬ ನೇಕಾರ ಹೆಣ್ಣುಮಗಳು ಬಂದರು. ಮಗಳ ನಿಶ್ಚಯಕ್ಕೆಂದು ತಾವೇ ನೇಯ್ದ ಸೀರೆಯನ್ನು ಓಣಿಯ ಮಂದಿಯ ಎದುರಿಗೇ ಕಟ್ಟೆಯ ಮೇಲೆ ಬಿಚ್ಚಿ ಹಾಸಿದರು. ಬಲದಡಿಯ ಹೂವುಗಳಿಗೆ ತುದಿಯೇ ಇರಲಿಲ್ಲ. ನೇಯುವಾಗ ಸೀರೆಯ ಹಿಂಬದಿ ಮೇಲಿತ್ತು. ಇಳಿಸಿ ಮಗುಚಿದಾಗಲೇ ಅವರಿಗೆ ಕಂಡಿದ್ದು. ನಿಶ್ಚಯಕ್ಕೆ ಆರು ದಿನ ಉಳಿದಿತ್ತು.

“ಇದು ಮೊದಲ ಗೊತ್ತಿತ್ತೇನ್ರಿ ನಿಮಗ?”

“ಬರದಾಕಿ ಅಕಿ. ಅಕಿನ್ನ ಕೇಳ್ರಿ” ಎಂದೆ.

ಗೌರಿ ನನ್ನ ಮುಖ ನೋಡಿದಳು. ನಂತರ ಅವರಿಗೆ ನೀರು ತಂದುಕೊಟ್ಟು, “ತಪ್ಪಾತ್ರಿ” ಎಂದಳು, ಅಷ್ಟೇ. ಅವರು ಹೋದ ಕೂಡಲೇ, ನನ್ನನ್ನು ಕೇಳದೆ, ತಿದ್ದುಪಡಿಯನ್ನು ರಿಲೀಸ್ ಮಾಡಿದಳು.

ಮುಂದಿನ ಅಮಾವಾಸ್ಯೆ, ಮಗ್ಗಗಳಿಗೆ ಬಿಡುವಿನ ದಿನ, ಬಸ್ಸು ಹತ್ತಿ ಹುನಗುಂದಕ್ಕೆ ಹೋಗಿ ಶಾಂತವ್ವನವರಿಗೆ ಇದ್ದದ್ದನ್ನು ಹೇಳಿದೆ. ಅವರು ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಮಗಳು ಬ್ಯಾರೆ ಸೀರಿ ಉಟ್ಟಳ್ರಿ. ಅವತ್ತ ನಿಮ್ಮ ತಂಗಿ ಮಾರಿ ನೋಡೇ ನನಗ ತಿಳಿದಿತ್ತು. ನನ್ನ ಮುಂದ ಹೇಳಿದ್ರ ಏನಾತು? ಮಂದಿ ಮುಂದ ಅಕಿ ಹೆಸರ ಕೆಡಿಸೀರಿ, ಮಂದಿ ಮುಂದ ಹೇಳ್ರಿ.”

ಸೆರಗು ಒಂದು ನೆಪವಾಗಿತ್ತು. ಓದಿದ ತಂಗಿ ಪ್ರತಿಸಲ ಬಂದು ನನ್ನನ್ನು ಕೇಳುವುದು ನನಗೆ ಹಿತವಾಗಿತ್ತು. ಈಗ ನಮ್ಮ ಪದ್ಧತಿ ಬೇರೆ. ತಪ್ಪು ತಿದ್ದಿದ್ದು ಗೇಣುದ್ದ ನೇಯ್ದು ನೋಡಿದ ದಿನವೇ ಹೊರಗೆ ಹೋಗುತ್ತದೆ. ಹೊಸ ಹೂವುಗಳು ಅಮಾವಾಸ್ಯೆಗೆ ಹೋಗುತ್ತವೆ. ಅಂದು ನೇಕಾರರಿಗೆ ಕಾರ್ಡು ಬದಲಿಸಲು ಪುರಸೊತ್ತು ಇರುತ್ತದೆ. ಮುಗಿಯದ್ದು ಮುಂದಿನ ಅಮಾವಾಸ್ಯೆಗೆ. ಕಾಯಬೇಕಾದದ್ದು ನನ್ನ ಹೂವು, ನೇಯುವವರಲ್ಲ.

ಪ್ರತಿ ರಿಲೀಸಿನ ಜೊತೆ ಏನೇನು ಬದಲಾಯಿತು ಎಂಬ ಪುಟವಿರುತ್ತದೆ. ಹುನಗುಂದದಿಂದ ಬಂದವನೇ ಮುಂದಿನ ರಿಲೀಸಿನ ಪುಟಕ್ಕೊಂದು ಸಾಲು ಬರೆದುಕೊಟ್ಟೆ: “ಬಲದಡಿಯ ತಪ್ಪು ಶ್ರಾವಣದಲ್ಲೇ ಸರಿಯಾಗಿತ್ತು. ತಡೆದವನು ಅಣ್ಣ, ತಂಗಿಯಲ್ಲ.”

ಗೌರಿ ಓದಿದಳು. “ಶ್ರಾವಣ ಅಂದ್ರ ಹೊರಗಿನ ಮಂದಿಗೆ ಏನ್ ತಿಳೀತೈತಿ? ತಾರೀಖು ಹಾಕು.”

ತಿದ್ದಿದ ದಿನ, ಬಿಟ್ಟ ದಿನ, ಎರಡನ್ನೂ ಹಾಕಿದೆ. ನಡುವೆ ತೊಂಬತ್ತೊಂದು ದಿನ. ಗೌರಿ ಬೆರಳು ಮಡಚಿ ಎಣಿಸಿ, ಹೂಂ ಎಂದಳು. ಆಮೇಲೆ ರಿಲೀಸ್ ಆಯಿತು.